ಉಪಕರಣವಿವರಣ ಮೀಮಾಂಸೆ, ಅಥವಾ ‘ನೋಡ್ ಅಪ್‌ಡೇಟ್ ಮಾಡುತ್ತದೆ’ ಎಂಬ ವಾಕ್ಯದ ಅರ್ಥವಿಚಾರ

ಗ್ರಂಥಾರಂಭದಲ್ಲಿ ಅಧಿಕಾರಿ, ವಿಷಯ, ಪ್ರಯೋಜನ, ಸಂಬಂಧ ಎಂಬ ನಾಲ್ಕನ್ನು ಹೇಳಿಬಿಡುವುದು ಸಂಪ್ರದಾಯ. ಇಲ್ಲಿ ಅಧಿಕಾರಿಯೆಂದರೆ ಫಿಗ್ಮಾದಂಥ ವಿನ್ಯಾಸ ತಂತ್ರಾಂಶಕ್ಕೆ ಎಐ ಏಜೆಂಟೊಂದನ್ನು ಜೋಡಿಸಿ ಶುಕ್ರವಾರ ಸಂಜೆ ಮನೆಗೆ ಹೋದ ಎಂಜಿನಿಯರು. ವಿಷಯ, ಏಜೆಂಟಿನ ಕೈಗಿತ್ತ ಒಂದೊಂದು ಟೂಲಿಗೂ ಆತ ಬರೆದ ಒಂದೊಂದು ಸಾಲಿನ ವಿವರಣೆ. ಪ್ರಯೋಜನ, ಸೋಮವಾರ ಬೆಳಿಗ್ಗೆ ಲೋಗೋ ಇದ್ದಲ್ಲೇ ಇರುವುದು. ಇನ್ನು ಸಂಬಂಧ: ಎಂಜಿನಿಯರಿಗೂ ಡಿಸೈನರಿಗೂ ಮೊದಲಿನಿಂದಲೂ ಅದು ಅಷ್ಟಕ್ಕಷ್ಟೆ.

ಕಾಲನಿರ್ಣಯದಲ್ಲಿ ಪಂಡಿತರಿಗೆ ಜಗಳವಿಲ್ಲ. 2024ರ ನವೆಂಬರಿನಲ್ಲಿ ಆಂಥ್ರೊಪಿಕ್ ಕಂಪನಿ ಏಜೆಂಟಿಗೆ ಟೂಲುಗಳನ್ನು ಜೋಡಿಸುವ ನಿಯಮಾವಳಿಯಾದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲನ್ನು, ಅಂದರೆ ಎಂಸಿಪಿಯನ್ನು ಪ್ರಕಟಿಸಿತು. 2025ರ ಜೂನಿನಲ್ಲಿ ಫಿಗ್ಮಾ ತನ್ನದೇ ಎಂಸಿಪಿ ಸರ್ವರಿನ ಬೀಟಾ ಬಿಟ್ಟಿತು. ಅದಕ್ಕೂ ಮುಂಚೆ ತಂತ್ರಾಂಶಗಳಿಗೆ ವಿವರಣೆ ಬರೆಯುತ್ತಿದ್ದರು, ಓದುವವರಿರಲಿಲ್ಲ. ಈಗ ಏಜೆಂಟೆಂಬ ಓದುಗ ದೊರೆತಿದ್ದಾನೆ, ಅದೂ ಬರೆದದ್ದನ್ನು ಬರೆದಂತೆಯೇ ನಂಬುವವನು. ಟೂಲಿನ ಹೆಸರು, ವಿವರಣೆ, ಏನೇನು ತುಂಬಬೇಕೆಂದು ತಿಳಿಸುವ ಸ್ಕೀಮಾ, ಅವನಿಗೆ ಕಾಣುವುದು ಇಷ್ಟೇ. ಒಳಗಿನ ಕೋಡು ಕಾಣದು. ಪಕ್ಕದ ಸೀಟಿನವರನ್ನು ಕೇಳೋಣವೆಂದರೆ ಪಕ್ಕದ ಸೀಟೇ ಇಲ್ಲ.

ಈಗ ವಿಚಾರವಾಕ್ಯ (ನೋಡ್ ಎಂದರೆ ಫೈಲಿನೊಳಗಿನ ಆಕೃತಿ, ಪಠ್ಯ ಇತ್ಯಾದಿ ಯಾವುದೇ ಅಂಶ): ‘ನೋಡ್ ಅಪ್‌ಡೇಟ್ ಮಾಡುತ್ತದೆ.’ ಅಪ್‌ಡೇಟ್ ಎಂದರೆ ಹೆಸರು ಬದಲಿಸುವುದೆಂದು ಒಂದು ಪಂಥ, ಜಾಗ ಬದಲಿಸುವುದೆಂದು ಇನ್ನೊಂದು, ಸಿಕ್ಕಿದ್ದನ್ನೆಲ್ಲ ಬದಲಿಸುವುದೆಂದು ಮತ್ತೊಂದು. ಏಜೆಂಟು ಸಾಮಾನ್ಯವಾಗಿ ಮೂರನೆಯ ಪಂಥದ್ದು. ಅದನ್ನು ಬೈದು ಪ್ರಯೋಜನವಿಲ್ಲ. ವಾಕ್ಯ ಮೂರಕ್ಕೂ ಎಡೆ ಕೊಟ್ಟಿದೆ.

ಎಲ್ಲಕ್ಕಿಂತ ರಸವತ್ತಾದದ್ದು ವರ್ಣಾಧಿಕರಣ. ವೆಬ್ಬಿನಲ್ಲಿ ಕೆಂಪು, ಹಸಿರು, ನೀಲಿಗಳನ್ನು 0ಯಿಂದ 255ರವರೆಗೆ ಎಣಿಸುವುದು ರೂಢಿ. ಫಿಗ್ಮಾದ ಪ್ಲಗಿನ್ ಎಪಿಐ ಅದೇ ಮೂರನ್ನು 0ಯಿಂದ 1ರೊಳಗೆ ಕೇಳುತ್ತದೆ. ಅಲ್ಲಿನ 204 ಇಲ್ಲಿ 0.8. ‘ಬಣ್ಣ ಹಾಕುತ್ತದೆ’ ಎಂದಷ್ಟೇ ಬರೆದಿದ್ದರೆ, ವೆಬ್ಬನ್ನು ಓದಿಯೇ ಬೆಳೆದ ಏಜೆಂಟು ನಿರ್ವಂಚನೆಯಿಂದ 204 ಕೊಡುತ್ತದೆ. ಫಿಗ್ಮಾ ಒಲ್ಲೆನೆನ್ನುತ್ತದೆ. ಟೂಲು ಬರೆದಾತ ಆ ದೋಷಸಂದೇಶವನ್ನು ನಡುವೆಯೇ ನುಂಗಿ ‘ಯಶಸ್ವಿ’ ಎಂದು ಉತ್ತರ ಬರುವಂತೆ ಮಾಡಿದ್ದರೆ, ಬಟನ್ನು ಬೂದುಬಣ್ಣದಲ್ಲೇ ಕೂತಿರುವಾಗ ಏಜೆಂಟು ಗ್ರಾಹಕರಿಗೆ ವರದಿ ಒಪ್ಪಿಸುತ್ತದೆ: ‘ಕೆಂಪಾಗಿದೆ, ಚೆನ್ನಾಗಿ ಕಾಣುತ್ತಿದೆ.’ ಇಲ್ಲಿ ಸುಳ್ಳು ಹೇಳಿದವರು ಯಾರೆಂಬುದನ್ನು ನ್ಯಾಯಶಾಸ್ತ್ರದವರಿಗೆ ಬಿಟ್ಟಿದ್ದೇವೆ. ಪರಿಹಾರವಾಕ್ಯ ಹೀಗೆ: ‘ಆಯ್ದ ಒಂದು ಆಕೃತಿಯ ಒಳಬಣ್ಣವನ್ನು ಮಾತ್ರ ಬದಲಿಸುತ್ತದೆ, ಅಂಚಿನ ಗೆರೆಯನ್ನು ಮುಟ್ಟುವುದಿಲ್ಲ. ಮೂರೂ ಬೆಲೆ 0ಯಿಂದ 1ರೊಳಗಿರಬೇಕು. 255ರ ಲೆಕ್ಕದಲ್ಲಿದ್ದರೆ 255ರಿಂದ ಭಾಗಿಸಿ ಕೊಡು. 204 ಎಂದರೆ 0.8.’ ದೋಷಸಂದೇಶವನ್ನೂ ವಿವರಣೆಯ ಉತ್ತರಾರ್ಧವೆಂದೇ ಬಗೆದು, ಬಂದದ್ದೇನು, ಬೇಕಾದದ್ದೇನು ಎರಡನ್ನೂ ಅದರಲ್ಲಿ ಹೇಳತಕ್ಕದ್ದು.

ಇಲ್ಲಿ ಪೂರ್ವಪಕ್ಷಿಯು ಎದ್ದು ನಿಲ್ಲುತ್ತಾನೆ: ‘ಅಯ್ಯಾ, ಅರ್ಧ ಮಾತ್ರೆ ಉಳಿದರೆ ಮಗ ಹುಟ್ಟಿದಷ್ಟು ಹಿಗ್ಗುವ ವೈಯಾಕರಣರ ನಾಡಿದು. ಇಷ್ಟುದ್ದ ಬರೆದರೆ ಟೋಕನ್ ಖರ್ಚು ಯಾರ ಅಪ್ಪನದು?’ ಆಕ್ಷೇಪ ಹುರುಳಿಲ್ಲದ್ದಲ್ಲ. ಟೂಲನ್ನು ಮುಟ್ಟಲಿ ಬಿಡಲಿ, ಅದರ ವಿವರಣೆ ಸಾಮಾನ್ಯವಾಗಿ ಮೊದಲೇ ಏಜೆಂಟಿನ ತಲೆಯೊಳಗೆ ಜಾಗ ಹಿಡಿದಿರುತ್ತದೆ. ಆದರೂ ಸಿದ್ಧಾಂತ ಬೇರೆಯೇ. ಪಾಣಿನಿಯ ಸೂತ್ರಗಳ ಹಿಂದೆ ಕಾತ್ಯಾಯನನ ವಾರ್ತಿಕವಿತ್ತು, ಪತಂಜಲಿಯ ಮಹಾಭಾಷ್ಯವಿತ್ತು, ಎಡವಿದಲ್ಲಿ ಎತ್ತಿ ಹೇಳುವ ಗುರುವಿದ್ದ. ಭಾಷ್ಯ ದಪ್ಪಗಿದ್ದುದರಿಂದ ಸೂತ್ರ ತೆಳ್ಳಗಿರಲು ಸಾಧ್ಯವಾಯಿತು. ಏಜೆಂಟಿಗೆ ಸೂತ್ರವೂ ಆ ವಿವರಣೆಯೇ, ಭಾಷ್ಯವೂ ಅದೇ. ಉಳಿತಾಯ ಬೇಕಿದ್ದರೆ ಟೂಲುಗಳನ್ನು ಕಡಿಮೆ ಮಾಡಿ. ಆಕೃತಿಯನ್ನು ಎಡಕ್ಕೆ ಸರಿಸಲೊಂದು, ಬಲಕ್ಕೆ ಸರಿಸಲೊಂದು ಟೂಲು ಮಾಡಿದವನಿಗೆ ಮಿತವ್ಯಯದ ಮಾತಾಡುವ ಅಧಿಕಾರವಿಲ್ಲ.

ಗೀಟು-ಚುಕ್ಕಿ ವಿವಾದವನ್ನು ಬೇಗ ಮುಗಿಸೋಣ. ಫಿಗ್ಮಾದ ಲಿಂಕಿನಲ್ಲಿ ನೋಡಿನ ಗುರುತು 12-345 ಎಂದಿರುತ್ತದೆ, ಪ್ಲಗಿನ್ ಎಪಿಐಗೆ 12:345 ಎಂದು ಬೇಕು. ಶೈವ ವೈಷ್ಣವರು ರಾಜಿಯಾದಾರು, ಇವೆರಡು ಆಗವು. ಒಂದು ಉದಾಹರಣೆ ಬರೆದರೆ ಸಾಕು.

ಎಂಸಿಪಿಯಲ್ಲಿ ‘ಇದು ಹಾಳುಮಾಡಬಲ್ಲ ಟೂಲು’ ಎಂಬ ಸೂಚನೆಯೊಂದುಂಟು. ಟೂಲು ಬರೀ ಓದುವಂಥದ್ದು ಎಂದು ಹೇಳಿರದಿದ್ದರೆ, ಬರೆದಾತ ಆ ಜಾಗವನ್ನು ಖಾಲಿ ಬಿಟ್ಟಲ್ಲಿ ಹಾಳುಮಾಡಬಲ್ಲದೆಂದೇ ತಿಳಿಯತಕ್ಕದ್ದು ಎನ್ನುತ್ತದೆ ನಿಯಮ. ಮನುಷ್ಯಸ್ವಭಾವವನ್ನು ಇಷ್ಟು ಚೊಕ್ಕವಾಗಿ ಅರಿತ ಶಾಸ್ತ್ರ ಬೇರೊಂದಿಲ್ಲ. ‘ಫೈಲ್ ಕ್ಲೀನ್ ಮಾಡುತ್ತದೆ’ ಎಂಬ ಟೂಲಿನಿಂದ ಮರೆಮಾಡಿಟ್ಟ ಲೇಯರುಗಳನ್ನೆಲ್ಲ ಕಳೆದುಕೊಂಡವರು ಇದಕ್ಕೆ ಕೈಮುಗಿದಾರು.

ಕನ್ನಡಿಗರಿಗೇ ಮೀಸಲಾದ ಅಧಿಕರಣವೂ ಒಂದಿದೆ. ಹಳೆಯ, ಯೂನಿಕೋಡ್ ಅಲ್ಲದ ನುಡಿ ಫಾಂಟಿನಲ್ಲಿ ಕಟ್ಟಿದ ಲಗ್ನಪತ್ರಿಕೆ ಕಣ್ಣಿಗೆ ಕನ್ನಡ, ಫೈಲಿನೊಳಗೆ ಲ್ಯಾಟಿನ್ ಅಕ್ಷರಗಳ ಸಂತೆ. ‘ಪಠ್ಯ ಓದುತ್ತದೆ’ ಎಂಬ ಟೂಲು ತಂದುಕೊಡುವುದು ಆ ಸಂತೆಯನ್ನೇ. ಪಠ್ಯ ಕೆಟ್ಟಿದೆಯೆಂದು ಏಜೆಂಟು ದುರಸ್ತಿಗಿಳಿದರೆ ‘ಚಿ. ಕುಂ. ಸೌ.’ ಸಮೇತ ವಧು ಮಾಯ. ಆದ್ದರಿಂದ ‘ಫಾಂಟಿನ ಹೆಸರನ್ನೂ ಕೊಡುತ್ತದೆ, ಅದು ಹಳೆಯ ನುಡಿಯಾಗಿದ್ದರೆ ಯೂನಿಕೋಡಿಗೆ ಪರಿವರ್ತಿಸಿ ಓದು, ಮೂಲವನ್ನು ತಿದ್ದಬೇಡ’ ಎಂದು ಸೇರಿಸತಕ್ಕದ್ದು.

ಇಷ್ಟಾದ ಮೇಲೂ ಡಿಸೈನರೊಬ್ಬರ ಆಕ್ಷೇಪ: ‘ಅಲ್ರೀ, ವಿವರಣೆ ಎಲ್ಲಾ ಸರಿಯಾಗಿ ಬರೆದಿದ್ದೀರಿ, ಆದ್ರೂ ನಿಮ್ಮ ಏಜೆಂಟಿಗೆ ಹೆಡರ್ ಯಾವುದು ಅಂತ ಗೊತ್ತಾಗ್ಲಿಲ್ವಲ್ಲ?’ ಫೈಲು ತೆರೆದು ನೋಡಲಾಗಿ ಹೆಡರಿನ ಹೆಸರು ‘ಫ್ರೇಮ್ 427’, ಅದರೊಳಗೆ ‘ರೆಕ್ಟ್ಯಾಂಗಲ್ 12’, ಅದರ ಪಕ್ಕದಲ್ಲಿ ‘ಫೈನಲ್’, ಅದರಡಿಯಲ್ಲಿ ‘ಫೈನಲ್ ನಿಜವಾದದ್ದು’. ಈ ಆಕ್ಷೇಪ ಪ್ರಕೃತ ಗ್ರಂಥದ ವ್ಯಾಪ್ತಿಗೆ ಬಾರದು. ನಾಮಕರಣ ಗೃಹ್ಯಸೂತ್ರಗಳ ವಿಷಯ. ಮಗು ಯಾರದೋ ಅವರೇ ಮಾಡಿಸಿಕೊಳ್ಳತಕ್ಕದ್ದು.