ಎಲೆ ಚಲೋ ಬಂದವನ ಫಜೀತಿ

ಇಸ್ಪೀಟಿನಲ್ಲಿ ಎಲೆ ಕೆಟ್ಟು ಬಂದವನಷ್ಟು ನೆಮ್ಮದಿಯ ಮನುಷ್ಯ ಬೇರೊಬ್ಬನಿಲ್ಲ. ಎರಡು, ಏಳು, ಒಂಬತ್ತು ಬಂದಿವೆ, ಬಣ್ಣವೂ ಕೂಡಿಲ್ಲ. ‘ಪ್ಯಾಕ್’ ಅಂದು ಎಲೆ ಒಗೆದು, ಚಹಾ ಎಲ್ಲಿಗೆ ಬಂತು ಅಂತ ಒಳಗೆ ಕೂಗುತ್ತಾನೆ. ಫಜೀತಿ ಏನಿದ್ದರೂ ಮೂರು ರಾಜರು ಬಂದವನದು. ಏರಿಸಿದರೆ ಎಲ್ಲರೂ ಓಡಿಹೋಗುತ್ತಾರೆ, ಏರಿಸದಿದ್ದರೆ ಮೂರು ರಾಜರು ಬಂದೂ ಸುಖವಿಲ್ಲ. ಓಡಿಸದೆ ಏರಿಸುವುದು ಹೇಗೆ ಎಂಬ ವಿದ್ಯೆಯನ್ನು ಯಾವ ಸಾಲಿಯಲ್ಲೂ ಕಲಿಸುವುದಿಲ್ಲ.

ನಮ್ಮ ಘತ್ತರಗಿ ಅಫಜಲಪುರ ತಾಲ್ಲೂಕಿನ ಭೀಮಾ ದಂಡೆಯ ಊರು. ಅಮಾವಾಸ್ಯೆ ಬಂತೆಂದರೆ ಭಾಗ್ಯವಂತಿಯ ದರ್ಶನಕ್ಕೆ ಸೊಲ್ಲಾಪುರ ಕಡೆಯಿಂದಲೂ ಜನ ಬರುತ್ತಾರೆ. ಇಂಥ ದೇವಿಯ ನೆರಳಲ್ಲಿ ಬದುಕುವ ನಾವು ನಸೀಬಿನ ಬಗ್ಗೆ ಹಗುರವಾಗಿ ಮಾತಾಡುವುದಿಲ್ಲ. ಎಲೆ ಎತ್ತುವ ಮುಂಚೆ ‘ತಾಯಿ’ ಅಂತ ಕಣ್ಣಿಗೊತ್ತಿಕೊಳ್ಳುವವರು ನಮ್ಮ ಮನೆಯಲ್ಲೇ ಇದ್ದಾರೆ. ತಾಯಿ ಎಲೆಯನ್ನೇನೋ ಕೊಟ್ಟಾಳು, ಕೊಟ್ಟದ್ದನ್ನು ಆಡುವ ಬುದ್ಧಿಯೂ ಆಕೆಯೇ ಕೊಡಬೇಕೆಂದರೆ ಹೇಗೆ?

ದೀಪಾವಳಿ ಪಾಡ್ಯದ ಮಧ್ಯಾಹ್ನ ಪಡಸಾಲೆಯಲ್ಲಿ ಜಮಖಾನ ಹಾಸಿ ತೀನ್ ಪತ್ತಿಗೆ ಕೂಡುವುದು ನಮ್ಮಲ್ಲಿ ನಡೆದುಬಂದದ್ದು. ದುಡ್ಡು ಇಡುವಂತಿಲ್ಲ, ಇದು ದೊಡ್ಡವ್ವನ ಕಾಯ್ದೆ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 87ನೇ ಕಲಮು ಬಯಲಲ್ಲಿ ಆಡುವವರನ್ನು ಹಿಡಿದರೆ, ದೊಡ್ಡವ್ವನದು ಮನೆಯೊಳಗೂ ಹಿಡಿಯುತ್ತದೆ. (ಈ ಕಡೆಯ ಠಾಣೆಗಳ ಬರಹದಲ್ಲಿ ಅಂದರ್ ಬಾಹರ್‌ಗೆ ‘ದೈವಲೀಲೆಯ ಜೂಜಾಟ’ ಅನ್ನುವ ರೂಢಿಯಿದೆ. ಲೀಲೆ ದೈವದ್ದು, ಕೇಸು ಮಾತ್ರ ನಮ್ಮ ಮೇಲೆ.) ಆದ್ದರಿಂದ ಪಣಕ್ಕೆ ತೊಗರಿ ಬೇಳೆ. 2015ರ ದೀಪಾವಳಿಯ ಹೊತ್ತಿಗೆ ಬೇಳೆ ಕಿಲೋಕ್ಕೆ 200 ರೂಪಾಯಿಯ ಸುತ್ತ ಏರಿತ್ತು. ಆ ವರ್ಷ ದೊಡ್ಡವ್ವ ಬೇಳೆಯನ್ನು ಎಣಿಸಿ ಕೊಟ್ಟು, ಸಂಜೆ ಎಣಿಸಿಯೇ ವಾಪಸ್ ಪಡೆದಳು. ಇದಕ್ಕಿಂತ ದುಡ್ಡೇ ಇಡೋಣ, ಅಗ್ಗ ಬೀಳುತ್ತದೆ ಅಂತ ಯಾರೋ ಅಂದದ್ದಕ್ಕೆ ಅವರ ಚಹಾ ತಪ್ಪಿತು.

ಲೆಕ್ಕ ಹೀಗಿದೆ. 52 ಎಲೆಗಳಲ್ಲಿ ಮೂರನ್ನು ಎತ್ತುವ ಬಗೆ 22,100. ಅದರಲ್ಲಿ 16,440ಕ್ಕೆ ಜೋಡಿಯಿಲ್ಲ, ಸಾಲಿಲ್ಲ, ಬಣ್ಣವಿಲ್ಲ. ಅಂದರೆ ನಾಲ್ಕರಲ್ಲಿ ಸುಮಾರು ಮೂರು ಸಲ ಕೈಯಲ್ಲಿರುವುದು ಬರೀ ಕಾಗದ. ಒಂದೇ ತರಹದ ಮೂರು, ಅಂದರೆ ಟ್ರಯಲ್, ಕೂಡಿಸುವ ಬಗೆ 52 ಮಾತ್ರ, 425ಕ್ಕೊಂದು. ಒಂದೇ ಬಣ್ಣದ ಸಾಲು ಇನ್ನೂ ಅಪರೂಪ, ಬರೀ 48. ಆದರೂ ಆಟದಲ್ಲಿ ಟ್ರಯಲ್‌ಗೇ ಮೊದಲ ಮಣೆ. ಈ ಅನ್ಯಾಯ ಕೇಳುವವರಿಲ್ಲ.

ನಮ್ಮ ಸಂಕಟದ ಮೂಲ ಆ 16,440ರಲ್ಲಿದೆ. ನಿಮಗೆ ಟ್ರಯಲ್ ಬಂದ ಹೊತ್ತಿಗೆ ಎದುರಿಗೆ ಕೂತವರಲ್ಲಿ ಹೆಚ್ಚಿನವರ ಕೈ ಖಾಲಿ. ಅವರು ಕೂತಿರುವುದು ನಿಮ್ಮ ಮುಖ ನೋಡುತ್ತ, ಏಳಲು ನೆಪ ಹುಡುಕುತ್ತ.

ನಮ್ಮ ಕಾಕಾನ ಮುಖವನ್ನಂತೂ ನಲವತ್ತು ವರ್ಷದಿಂದ ಎಲ್ಲರೂ ಓದಿದ್ದಾರೆ. ಒಮ್ಮೆ ಎಡ ಅಂಗೈಯಲ್ಲಿ ತಂಬಾಕಿಗೆ ಸುಣ್ಣ ಹಚ್ಚಿ ತಿಕ್ಕುತ್ತಿದ್ದರು. ಬಲಗೈಯಿಂದ ಎಲೆಯ ಮೂಲೆ ಎತ್ತಿ ನೋಡಿದರು. ಒಂದು ರಾಜ. ಇನ್ನೊಂದು. ಮೂರನೆಯದರ ಮೂಲೆಯನ್ನು ಎಷ್ಟು ಮೆಲ್ಲಗೆ ಎತ್ತಿದರೆಂದರೆ ಕೆಳಗೆ ಚೇಳಿದೆಯೇನೋ ಅನ್ನಬೇಕು. ಆಮೇಲೆ ಮತ್ತೆ ತಿಕ್ಕತೊಡಗಿದರು, ಮುಖ ಗುಡಿಯ ಕಟ್ಟೆಯ ಮೇಲೆ ಕೂತವರ ಹಾಗೆ ಶಾಂತ. ಇಲ್ಲಿಯವರೆಗೆ ಎಲ್ಲ ಸರಿಯಿತ್ತು. ಆದರೆ ತಂಬಾಕನ್ನು ತಟ್ಟಿ ಧೂಳು ಹಾರಿಸುವುದನ್ನೇ ಮರೆತು ಹಾಗೇ ತುಟಿಯೊಳಗೆ ಇಟ್ಟು, ಬೇಳೆ ಮುಂದೆ ನೂಕಿ, ‘ಚಾಲ್’ ಅನ್ನಲು ಬಾಯಿ ತೆರೆದವರು ಸೀನಿದರು.

ಪ್ಯಾಕ್, ಪ್ಯಾಕ್, ಪ್ಯಾಕ್. ಸುತ್ತ ಎಲ್ಲರೂ ಎಲೆ ಒಗೆದರು. ಕಾಕಾಗೆ ದಕ್ಕಿದ್ದು ಶುರುವಿಗೆ ಇಟ್ಟ ನಾಲ್ಕಾರು ಬೇಳೆ.

“ಒಬ್ಬರರೆ ನಿಲ್ಲಬಾರದೇನ್ರೋ!” ಅಂತ ಮೂರು ರಾಜರನ್ನು ಜಮಖಾನದ ಮೇಲೆ ಬಡಿದರು.

ದೊಡ್ಡವ್ವ ಇದಕ್ಕೆ ಬೇರೆ ದಾರಿ ಕಂಡುಕೊಂಡಿದ್ದಾಳೆ. ಆಕೆ ಎಲೆಯನ್ನು ನೋಡುವುದೇ ಇಲ್ಲ, ಬ್ಲೈಂಡ್ ಮೇಲೆ ಬ್ಲೈಂಡ್. ನೋಡಿ ಆಡುವವನು ಎರಡು ಪಟ್ಟು ಹಾಕಬೇಕು, ನೋಡದವಳದು ಅರ್ಧ ಖರ್ಚು. “ನೋಡಿದ್ರ ಮಾರಿ ಮ್ಯಾಲ ಬರ್ತದ. ಕಣ್ಣಿಗೇ ಗೊತ್ತಿಲ್ಲಂದ್ರ ಮಾರಿ ಏನ್ ಹೇಳ್ತದ?” ಅನ್ನುತ್ತಾಳೆ. ಎರಡೇ ಜನ ಉಳಿದಾಗ ಎತ್ತಿ ನೋಡುತ್ತಾಳೆ. ಅಷ್ಟರಲ್ಲಿ ಎದುರಿನವನ ಬೇಳೆ ಮುಗಿಯುತ್ತ ಬಂದಿರುತ್ತದೆ. ಒಳ್ಳೆಯ ಎಲೆ ಆಡುವುದಕ್ಕೆ ನಾನು ಕಂಡ ಅತ್ಯುತ್ತಮ ಉಪಾಯ ಇದೇ: ಅದು ಒಳ್ಳೆಯದೆಂದು ತಿಳಿಯುವುದನ್ನು ಆದಷ್ಟು ಮುಂದೂಡುವುದು.

ಬೆಂಗಳೂರಿನಲ್ಲಿ ಕೆಲಸಕ್ಕಿರುವ ನನ್ನ ಅಕ್ಕನ ಮಗನಿಗೆ ಇದು ಒಪ್ಪಿಗೆಯಿಲ್ಲ. ಅವನದು ಪೋಕರ್. ಕೈಗೆ ಎರಡೇ ಎಲೆ, ನಡುವೆ ಐದು ಎಲೆ ಎಲ್ಲರಿಗೂ ಸೇರಿದ್ದು. ಎರಡು ಎಕ್ಕಾ 221 ಸಲಕ್ಕೊಮ್ಮೆ ಬರುತ್ತವಂತೆ. ಒಬ್ಬನೇ ಎದುರಾಳಿ ಕೊನೆತನಕ ನಿಂತರೆ ನೂರಕ್ಕೆ 85 ಸಲ ಎಕ್ಕಾಗಳೇ ಗೆಲ್ಲುತ್ತವೆ. ಎಂಟು ಜನ ನಿಂತರೆ ಆ 85 ಇಳಿದು 35ರ ಆಸುಪಾಸಿಗೆ ಬರುತ್ತದೆ. ಅದಕ್ಕೆ ಮೊದಲೇ ಜೋರಾಗಿ ಏರಿಸಿ ಸಂತೆ ಕಡಿಮೆ ಮಾಡಬೇಕು, ಅಡಗಿಸಿಡುವುದು ಮಂಗತನ ಅನ್ನುತ್ತಾನೆ.

“ಏರಿಸಿದ್ರ ಹೋಗ್ತಾರೇನ್?” ಅಂತ ಕಾಕಾ ಕೇಳಿದರು.

“ಎಲ್ಲಿ ಹೋಗ್ತಾರ ಮುತ್ಯಾ! ಟ್ರಾಫಿಕ್ಕಿನ್ಯಾಗ ಎರಡು ತಾಸು ಕುಂತು ಬಂದಿರ್ತಾರ, ಸುಮ್ಮ ಎಲಿ ಒಗದು ಮನಿಗೆ ಹೋಗ್ಲಾಕ ಮನಸ್ಸು ಬರಂಗಿಲ್ಲ. ಪುಸ್ತಕದಾಗ ಮೂರು ಪಟ್ಟು ಅಂತದ, ಅಲ್ಲಿ ಐದಾರು ಪಟ್ಟು ಏರಿಸಬೇಕು. ಆಗೂ ಮೂರು ಮಂದಿ ನಿಂತಿರ್ತಾರ.”

ಕಾಕಾ ಆಸೆಗಣ್ಣಿನಿಂದ ನೋಡಿದರು. ಸೀನಿದರೂ ಎದ್ದುಹೋಗದ ಜನ ಈ ಲೋಕದಲ್ಲಿದ್ದಾರೆ!

ಹುಡುಗನಿಗೆ ಕೋರ್ಟಿನ ಬೆಂಬಲವೂ ಇದೆ. 1967ರಲ್ಲಿ ಸುಪ್ರೀಂ ಕೋರ್ಟು ರಮ್ಮಿಯನ್ನು ಬುದ್ಧಿಯ ಆಟವೆಂದು ಎತ್ತಿ ಹಿಡಿಯುವಾಗ, ಅದು ಮೂರೆಲೆ ಆಟದ ಹಾಗೆ ಬರೀ ಅದೃಷ್ಟದ್ದಲ್ಲ ಅಂದಿತ್ತು. 2013ರಲ್ಲಿ ನಮ್ಮ ಹೈಕೋರ್ಟು, ಕೌಶಲದ ಆಟವಾಗಿ ಆಡುವುದಾದರೆ ಪೋಕರಿಗೆ ಲೈಸೆನ್ಸ್ ಬೇಡ ಅಂತ ಹೇಳಿತು. ದುಡ್ಡಿಟ್ಟು ಮೊಬೈಲಿನಲ್ಲಿ ಆಡುವುದಕ್ಕೆ ಮಾತ್ರ, ಯಾವ ಆಟವಾದರೂ ಸರಿ, 2025ರ ಆಗಸ್ಟಿನಲ್ಲಿ ಸಂಸತ್ತು ಬಾಗಿಲು ಹಾಕಿತು. ಇದನ್ನೆಲ್ಲ ಕೇಳಿ ಕಾಕಾ ಖುಷಿಯಾದರು. “ಮೂರೆಲಿ ಬರೇ ನಸೀಬಿನ ಆಟ ಅಂತ ಸುಪ್ರೀಂ ಕೋರ್ಟೇ ಅಂದದ. ಅಂದಮ್ಯಾಲ ಸೋತಿದ್ರಾಗ ನಂದೇನ್ ತಪ್ಪದ?”

ಆ ಮಾತಿಗೆ ಒಳಗಿನಿಂದ ಚಿಗವ್ವನ ಬಳೆ ಸದ್ದಾಯಿತು. ಅದರ ಅರ್ಥ ತೊಗರಿ. ಕಲಬುರಗಿ ಸೀಮೆಯ ರೈತನಿಗೆ ಒಳ್ಳೆಯ ಎಲೆಯೆಂದರೆ ಮನೆ ತುಂಬಿದ ತೊಗರಿ ಚೀಲ. ಈಗಲೇ ಮಾರುವುದೋ, ಅಡಗಿಸಿಡುವುದೋ ಎಂಬ ಪ್ರಶ್ನೆ ಇಲ್ಲೂ ಅದೇ. 2015ರ ಧಾರಣೆ ಕಂಡು ಮರು ಮುಂಗಾರಿಗೆ ಎಲ್ಲರೂ ತೊಗರಿಯನ್ನೇ ಬಿತ್ತಿದರು, ದೇಶದ ಬೆಳೆ ಹೆಚ್ಚುಕಡಿಮೆ ಇಮ್ಮಡಿಯಾಯಿತು, ಪೇಟೆಯ ದರ ಕ್ವಿಂಟಲಿಗೆ 5,050ರ ಬೆಂಬಲ ಬೆಲೆಗಿಂತ ಕೆಳಗಿಳಿಯಿತು. ಕಾಕಾ ಆಗ ಏರುತ್ತದೆ ಅಂತ ಕಾದರು. ಮುಂದಿನ ವರ್ಷವೂ ಕಾದರು. ಜಮಖಾನದ ಮೇಲೆ ಬಾರದ ಧೈರ್ಯವೆಲ್ಲ ಅವರಿಗೆ ಚೀಲದ ಮುಂದೆ ಬರುತ್ತದೆ.

“ಈ ಸಲದ್ದರೆ ಮಾರೀರೇನ್ರಿ ಮುತ್ಯಾ?” ಅಂತ ಹುಡುಗ ಕೇಳಿಬಿಟ್ಟ.

ಉತ್ತರ ಚಿಗವ್ವನಿಂದ ಬಂತು. “ಎಲ್ಲಿ ಮಾರ್ತಾರಪಾ! ಇವರು ಶೋ ಅನ್ನೋದ್ರಾಗ ಹುಳ ಚಾಲ್ ಹೊಡದು ಎರಡು ಚೀಲ ಮುಗಿಸ್ಯಾವ.”