ಡಾಲರ್ ಭಾವ

ನಮ್ಮಕ್ಕನ ಯಜಮಾನರಿಗೆ ನೆಂಟರ ನಡುವೆ ಡಾಲರ್ ಭಾವ ಎಂದೇ ಹೆಸರು. ಕೇಳಿದವರು ಅಮೆರಿಕದಲ್ಲಿ ಇದ್ದು ಬಂದವರಿರಬೇಕು ಅಂದುಕೊಳ್ಳುತ್ತಾರೆ. ತಿರುಪತಿ ಬಿಟ್ಟರೆ ಅವರು ಕರ್ನಾಟಕದ ಗಡಿ ದಾಟಿದ್ದು ಒಂದೇ ಸಲ, ಹೊಸೂರಿಗೆ. ಅದೂ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇಳಿಯಬೇಕಾದವರು ಬಸ್ಸಿನಲ್ಲಿ ನಿದ್ದೆ ಹೋಗಿದ್ದರಿಂದ.

ಕಥೆ 2013ರ ಮಳೆಗಾಲದ್ದು. ರೂಪಾಯಿ ಜಾರುತ್ತ ಜಾರುತ್ತ ಡಾಲರಿಗೆ ಅರವತ್ತರ ಹತ್ತಿರ ಬಂದಿತ್ತು. ಭಾನುವಾರ ಬೆಳಿಗ್ಗೆ ಏಳಕ್ಕೇ ಭಾವನ ಫೋನು.

“ನಿನ್ನ ಕ್ರೆಡಿಟ್ ಕಾರ್ಡು ಅಮೆರಿಕದಲ್ಲಿ ನಡೆಯತ್ತೇನಯ್ಯ?”

“ನಡೆಯತ್ತೆ. ಎಷ್ಟು ಬೇಕಿತ್ತು ಭಾವ?”

“ಐದು.”

“ಐದು ಸಾವಿರಾನಾ?”

“ಐದು ಡಾಲರ್ ಕಣಯ್ಯ. ಮುನ್ನೂರು ರೂಪಾಯಿ. ಸಂಜೆ ಕೊಡ್ತೀನಿ.”

ಆ ಸಂಜೆ ಇನ್ನೂ ಆಗಿಲ್ಲ.

ಕೊಂಡದ್ದು ವೆಬ್‌ಪುಟ ಕಟ್ಟುವವರು ಬಳಸುವ ಜೆಕ್ವೆರಿಯನ್ನು ಕಲಿಸುವ ಒಂದು ಈ-ಪುಸ್ತಕ. ಎಂಬತ್ತಾರೇ ಪುಟ. ಮುಖಪುಟದ ಮೇಲೆ ‘ಇಂಟರ್‌ಮೀಡಿಯೆಟ್’ ಎಂದಿತ್ತು. ಭಾವ ಬಿದ್ದದ್ದು ಆ ಒಂದು ಪದಕ್ಕೆ. ಇಂಥವರು ಪ್ರತಿ ಆಫೀಸಿನಲ್ಲೂ ಒಬ್ಬರಿರುತ್ತಾರೆ. ಕಲಿಯುವವರ ಪುಸ್ತಕ ಕೊಳ್ಳಲು ಮರ್ಯಾದೆ ಅಡ್ಡ ಬರುತ್ತದೆ, ಪಳಗಿದವರ ಪುಸ್ತಕ ಕೊಳ್ಳಲು ಧೈರ್ಯ ಸಾಲದು. ಮುಂದೆ ಕೂತರೆ ಎಂಜಿನ್ ಶಾಖ, ಹಿಂದೆ ಕೂತರೆ ಕುಲುಕಾಟ ಎಂದು ಬಸ್ಸಿನ ಕಿಟಕಿಯಿಂದಲೇ ನಡುವಿನ ಸೀಟಿಗೆ ಟವೆಲ್ ಹಾಕುವ ಪೈಕಿ. “ಬೇಸಿಕ್ಸ್ ಬಿಡಪ್ಪ, ಅದೆಲ್ಲ ಗೊತ್ತು” ಅನ್ನುವುದು ಇವರ ಗಾಯತ್ರಿ.

ಪುಸ್ತಕ ತೆಳ್ಳಗಿರಬೇಕು ಅನ್ನುವುದಕ್ಕೂ ಭಾವನ ಬಳಿ ಕಾರಣವಿತ್ತು. ಅವೆನ್ಯೂ ರಸ್ತೆಯಿಂದ ತಂದ ದಪ್ಪ ಪುಸ್ತಕಗಳು ಮನೆಯಲ್ಲಿ ಆಗಲೇ ನಾಲ್ಕಿದ್ದವು. ಇಪ್ಪತ್ತೊಂದು ದಿನದಲ್ಲಿ ಒಂದು ಭಾಷೆ, ಇಪ್ಪತ್ನಾಲ್ಕು ಗಂಟೆಯಲ್ಲಿ ಇನ್ನೊಂದು ಎಂದು ಹೇಳಿಕೊಂಡಂಥವು. ಮಾನಿಟರನ್ನು ಕಣ್ಣಿನ ಮಟ್ಟಕ್ಕೆ ತರುವ ಕೆಲಸವನ್ನು ಅವು ನಾಲ್ಕೂ ಸೇರಿ ಚೆನ್ನಾಗಿಯೇ ಮಾಡುತ್ತಿದ್ದವು.

ಈ-ಪುಸ್ತಕ ಬಂದ ದಿನವೇ ಭಾವ ಅದನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಜೆರಾಕ್ಸ್ ಅಂಗಡಿಗೆ ಹೋದರು. “ಎರಡೂ ಕಡೆ ಹೊಡೀಲಾ ಸಾರ್?” ಅಂದ ಹುಡುಗನಿಗೆ “ಒಂದೇ ಕಡೆ. ಹಿಂದೆ ನೋಟ್ಸ್ ಬರ್ಕೋಬೇಕು” ಅಂದರು. ಹಾಗಾಗಿ ತೆಳು ಪುಸ್ತಕ ಸ್ಪೈರಲ್ ಬೈಂಡಿಂಗ್ ಆಗಿ, ಮೇಲೆ ಪಾರದರ್ಶಕ ಹಾಳೆ ಹೊದ್ದು, ಪಂಚಾಂಗಕ್ಕಿಂತ ದಪ್ಪಗೆ ಮನೆಗೆ ಬಂತು. ಆಯುಧಪೂಜೆಯ ದಿನ ಸ್ಕೂಟರು, ಲ್ಯಾಪ್‌ಟಾಪುಗಳ ಸಾಲಿನಲ್ಲಿ ಅದಕ್ಕೂ ಕುಂಕುಮ ಬಿತ್ತು. ಹಳದಿ ಹೈಲೈಟರ್ ಒಂದನ್ನು ಅದಕ್ಕೇ ಎಂದು ಕೊಂಡಿದ್ದರು. ನಾನು ಒಮ್ಮೆ ತಿರುವಿ ನೋಡಿದೆ. ಮೊದಲ ಹನ್ನೊಂದು ಪುಟದಲ್ಲಿ ಹಳದಿ ಬಳಿಯದೆ ಉಳಿದದ್ದು ಪುಟಸಂಖ್ಯೆ ಮಾತ್ರ. ಹನ್ನೆರಡರಲ್ಲಿ ಅರ್ಧ ಪುಟ ಹಳದಿ. ಅಲ್ಲಿಂದಾಚೆ ಹಾಲಿನಂಥ ಬಿಳುಪು.

ಭಾವ ಹಳ್ಳಿ ಶಾಲೆಯಲ್ಲಿ ಓದಿದವರು, ಬಾಯಿಬಿಟ್ಟು ಓದದಿದ್ದರೆ ತಲೆಗೆ ಹತ್ತುವುದಿಲ್ಲ. ಜೆಕ್ವೆರಿಯಲ್ಲಿ ಮಾತೆತ್ತಿದರೆ ಡಾಲರ್ ಚಿಹ್ನೆ. ಯಾವುದನ್ನು ಹಿಡಿಯಬೇಕಾದರೂ ಮೊದಲು ಡಾಲರ್, ಆಮೇಲೆ ಬ್ರಾಕೆಟ್. ಪುಟದ ಚೌಕಟ್ಟು ಸಿದ್ಧವಾದ ಮೇಲೆ ಕೆಲಸ ಶುರುಮಾಡು ಎಂದು ಹೇಳುವ ಮೊದಲ ಸಾಲಂತೂ “ಡಾಲರ್, ಡಾಕ್ಯುಮೆಂಟ್, ರೆಡಿ.” ಇದನ್ನು ಭಾವ ದಿನಾ ಬೆಳಿಗ್ಗೆ ಕಾಫಿ ಹೊತ್ತಿಗೆ ಹೇಳಿಕೊಳ್ಳುತ್ತಿದ್ದರು. ಒಳಗೆ ತರಕಾರಿ ಹೆಚ್ಚುತ್ತಿದ್ದ ಅವರ ತಾಯಿಗೆ ಕಿವಿ ಚುರುಕು. ಗುರುವಾರ ರಾಯರ ಮಠದಲ್ಲಿ ಪ್ರದಕ್ಷಿಣೆ ಹಾಕುತ್ತ ಅಜ್ಜಿ ಗೆಳತಿಯರಿಗೆ ಸುದ್ದಿ ಮುಟ್ಟಿಸಿದರು: “ನಮ್ಮೋನಿಗೆ ಡಾಕ್ಯುಮೆಂಟ್ ಎಲ್ಲ ರೆಡಿ ಆಯ್ತಂತೆ. ಇನ್ನು ಡಾಲರ್ರೇ.”

ಭಾನುವಾರದ ಹೊತ್ತಿಗೆ ಮನೆಗೆ ಎರಡು ಜಾತಕ, ಒಂದು ಬಯೋಡೇಟಾ, ನ್ಯೂಜೆರ್ಸಿಯ ಮಗಳಿಗೆ ತಲುಪಿಸಲು ಅಂತ ಒಂದು ಕೆಜಿ ಚಟ್ನಿಪುಡಿ ಬಂದಿದ್ದವು. ಚಟ್ನಿಪುಡಿ ಮಾತ್ರ ವಾಪಸ್ ಹೋಗಲಿಲ್ಲ.

ನಾನೂ ಇದೇ ಸಾಫ್ಟ್‌ವೇರ್ ಕೂಲಿ ಮಾಡುವವನಾದ್ದರಿಂದ ಜೆಕ್ವೆರಿಯ ವಿಷಯ ಎರಡು ಮಾತು. ಒಂದು ಕಾಲಕ್ಕೆ ವೆಬ್‌ಪುಟ ಏನು ಮಾಡಬೇಕೆಂದು ಬ್ರೌಸರುಗಳ ಪೈಕಿ ಇಂಟರ್ನೆಟ್ ಎಕ್ಸ್‌ಪ್ಲೋರರಿಗೆ ಒಂದು ಥರ ಹೇಳಬೇಕಿತ್ತು, ಫೈರ್‌ಫಾಕ್ಸಿಗೆ ಇನ್ನೊಂದು ಥರ. ಇಬ್ಬರು ಓರಗಿತ್ತಿಯರಿಗೆ ಒಂದೇ ಸೀರೆಯ ಸಮಾಚಾರ ಹೇಳುವಷ್ಟು ಕಷ್ಟ. 2006ರ ಜನವರಿಯಲ್ಲಿ ನ್ಯೂಯಾರ್ಕಿನ ಒಂದು ಕೂಟದಲ್ಲಿ ಜಾನ್ ರೆಸಿಗ್ ಎಂಬಾತ ಜೆಕ್ವೆರಿಯನ್ನು ಹೊರಗೆ ತಂದ. ನೀನು ನನಗೆ ಹೇಳು, ಅವರಿಬ್ಬರಿಗೆ ನಾನು ಹೇಳಿಕೊಳ್ಳುತ್ತೇನೆ ಅನ್ನುವ ದಲ್ಲಾಳಿ ಅದು. ಆಗ ಅವನಿಗೆ 21 ವರ್ಷ.

“ನೋಡೇ, ಇಪ್ಪತ್ತೊಂದಕ್ಕೆ!” ಅಂದರು ಭಾವ, ಅಕ್ಕನಿಗೆ.

“ಇಪ್ಪತ್ತೊಂದಕ್ಕೆ ನೀವು ಎಂ-ತ್ರೀ ಮೂರನೇ ಸಲ ಬರೀತಿದ್ರಿ” ಅಂದಳು ಅಕ್ಕ, ಹುರುಳಿಕಾಯಿಯ ನಾರು ತೆಗೆಯುತ್ತ.

ಭಾವನ ಒಂದು ಗುಟ್ಟು ನನಗೆ ಮಾತ್ರ ಗೊತ್ತಿತ್ತು. ಅವರಿಗೆ ಜೆಕ್ವೆರಿ ಬರುತ್ತಿತ್ತು, ಅದರ ತಳಪಾಯವಾದ ಜಾವಾಸ್ಕ್ರಿಪ್ಟ್ ಬರುತ್ತಿರಲಿಲ್ಲ. ಸರಳೆ ವರಸೆ, ಜಂಟಿ ವರಸೆ ಹತ್ತಿರ ಸುಳಿಯದೆ ನೇರ ವರ್ಣಕ್ಕೆ ಕೂತ ಸಂಗೀತಗಾರ. ಆ ಕಾಲದಲ್ಲಿ ಇದು ನಾಚಿಕೆಯ ವಿಷಯವಾಗಿರಲಿಲ್ಲ ಅನ್ನಿ, ಅರ್ಧ ಬೆಂಗಳೂರು ಹಾಗೇ ಸಂಬಳ ಎಣಿಸುತ್ತಿತ್ತು.

ಕಲಿತ ವಿದ್ಯೆ ತೋರಿಸಲು ಭಾವನಿಗೆ ಸಿಕ್ಕಿದ್ದು ಅವರ ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕರ್ ಪಟ್ಟಿ. ಬೋರ್‌ವೆಲ್ ಬತ್ತಿತ್ತು. ಯಾವ ದಿನ ಎಷ್ಟು ಟ್ಯಾಂಕರ್ ಬೇಕು ಎಂದು ಬ್ಲಾಕಿನವರು ಒಂದು ಪುಟದಲ್ಲಿ ಸಾಲು ಸೇರಿಸಬೇಕು, ಬೇಡವೆನಿಸಿದರೆ ಆ ಸಾಲಿನ ತುದಿಯ ‘ಅಳಿಸು’ ಬಟನ್ ಒತ್ತಬೇಕು. ಸಂಜೆ ಸೆಕ್ರೆಟರಿ ಪಟ್ಟಿ ನೋಡಿ ಟ್ಯಾಂಕರಿನವನಿಗೆ ಫೋನ್ ಮಾಡಬೇಕು. ಸೆಕ್ರೆಟರಿ ಬ್ಯಾಂಕಿನಿಂದ ನಿವೃತ್ತರಾದವರು. ಅವರ ಕಂಪ್ಯೂಟರಿನಲ್ಲಿ ವಿಂಡೋಸ್ ಎಕ್ಸ್‌ಪಿ, ಅದರಲ್ಲಿ ಎಕ್ಸ್‌ಪ್ಲೋರರ್ 8. ಭಾವ ಹೊಸದೇ ಇರಲಿ ಎಂದು ಜೆಕ್ವೆರಿ 2.0 ಹಾಕಿದ್ದರು. ಆ ಏಪ್ರಿಲ್‌ನಲ್ಲಿ ಬಂದ ಆ ಆವೃತ್ತಿ ಎಕ್ಸ್‌ಪ್ಲೋರರ್ 6, 7, 8ರ ಸಹವಾಸವನ್ನೇ ಬಿಟ್ಟಿತ್ತು. “ಸ್ವಾಮಿ, ನಿಮ್ಮ ಪುಟ ನನ್ನ ಹತ್ರ ಮಾತೇ ಆಡ್ತಿಲ್ಲ” ಅಂದರು ಸೆಕ್ರೆಟರಿ. ಹಳೆಯ 1.9ಕ್ಕೆ ಇಳಿಸಿದ್ದಾಯಿತು.

ಬೇಸಿಕ್ಸ್ ಗೊತ್ತು ಅಂದಿದ್ದರಲ್ಲ, ಅದರ ಹಣೆಬರಹ ಆಮೇಲೆ ಬಯಲಾಯಿತು. ಅವರಿಗೆ ಗೊತ್ತಿದ್ದದ್ದು, ಬಟನ್ ಒತ್ತಿದರೆ ಏನು ಮಾಡಬೇಕೆಂದು ಹೇಳುವ ‘ಲೈವ್’ ಎಂಬ ಹಳೆಯ ಆಜ್ಞೆ. 2011ರಲ್ಲಿ ಬಂದ 1.7ರಲ್ಲೇ ಅದನ್ನು ಇನ್ನು ಬಳಸಬೇಡಿ ಎಂದಿದ್ದರು. 2013ರ ಜನವರಿಯ 1.9ರಲ್ಲಿ ಕಿತ್ತೇ ಹಾಕಿದ್ದರು. ಭಾವ ಲೈವ್ ಎಂದು ಬರೆಯುವ ಹೊತ್ತಿಗೆ ಲೈವ್ ಸತ್ತು ಆರು ತಿಂಗಳು. ಹಾಗಾಗಿ ‘ಕ್ಲಿಕ್’ಗೆ ಬಂದರು. ಬಟನ್ನಿನ ‘ಪೇರೆಂಟ್’ ಅಳಿಸು ಎಂದು ಬರೆದರು. ಒತ್ತಿದರೆ ಬಟನ್ ಮಾಯ, ಸಾಲು ಹಾಗೇ! ಬಟನ್ನಿನ ಅಪ್ಪ ಅದು ಕೂತಿದ್ದ ಪುಟ್ಟ ಚೌಕ. ಸಾಲು ಅನ್ನುವುದು ಅಜ್ಜ. ಅಜ್ಜನನ್ನು ಹುಡುಕಲು ‘ಕ್ಲೋಸೆಸ್ಟ್’ ಎಂದು ಬೇರೆಯೇ ಇದೆ. ಅದು ಹುಡುಕಾಟವನ್ನು ತನ್ನಿಂದಲೇ ಶುರುಮಾಡಿ ಮೇಲಕ್ಕೆ ಹೋಗುತ್ತದೆ, ಟಿಕೆಟ್ ಹಂಚುವ ನಾಯಕರ ಹಾಗೆ. ಪುಸ್ತಕದ ಹದಿನಾಲ್ಕನೇ ಪುಟದಲ್ಲಿತ್ತು. ಹಳದಿ ನಿಂತದ್ದು ಹನ್ನೆರಡಕ್ಕೆ.

ಅದನ್ನೂ ಸರಿಮಾಡಿದರು. ಪುಟ ತೆರೆದಾಗ ಇದ್ದ ಸಾಲುಗಳೆಲ್ಲ ಒತ್ತಿದೊಡನೆ ಅಳಿದವು. ಭಾವ ಜನರಲ್ ಬಾಡಿ ಮೀಟಿಂಗಿನಲ್ಲಿ ತೋರಿಸಿ ಚಪ್ಪಾಳೆಯನ್ನೂ ಗಿಟ್ಟಿಸಿದರು. ಮರುವಾರ ಮಂಗಳವಾರ ಬೆಳಿಗ್ಗೆ ಆರಕ್ಕೆ ಐದು ಟ್ಯಾಂಕರ್‌ಗಳು ಗಲ್ಲಿಯಲ್ಲಿ ಒಂದರ ಹಿಂದೆ ಒಂದು ನಿಂತಿದ್ದವು. ಬೇಕಾಗಿದ್ದದ್ದು ಒಂದು. ಹೊಸದಾಗಿ ಸೇರಿಸಿದ ಸಾಲುಗಳನ್ನು ಹಿಂದಿನ ಸಂಜೆ ನಾಲ್ಕು ಮನೆಯವರು ಅಳಿಸಲು ಒತ್ತಿ ಒತ್ತಿ ಸುಸ್ತಾಗಿ, ಅಳಿಸಿರಬಹುದು ಅಂದುಕೊಂಡು ಮಲಗಿದ್ದರು. ಸಂಪು ತುಂಬಿ, ನೀರು ಪಾರ್ಕಿಂಗಿಗೆ ಬಂದು, ಅಲ್ಲಿಂದ ರಸ್ತೆಗೆ ಹರಿಯಿತು. ನೀರಿಗೆ ಹಾಹಾಕಾರವಿದ್ದ ಬಡಾವಣೆಯಲ್ಲಿ ಎದುರು ಮನೆಯವರು ಮಾತಾಡದೆ ಬಕೆಟ್ ತಂದು ತುಂಬಿಕೊಂಡು ಹೋದರು.

ಭಾವ ಬಿಳಿಚಿದ ಮುಖ ಹೊತ್ತು ನನ್ನಲ್ಲಿಗೆ ಬಂದರು. “‘ಆನ್’ ಅಂತಾನೇ ಬರ್ದಿದ್ದೀನಯ್ಯ, ಈಗಿನ ಪದ್ಧತಿ ಪ್ರಕಾರ!” ಹೌದು, ‘ಕ್ಲಿಕ್’ ಅನ್ನು ಆಮೇಲೆ ‘ಆನ್’ ಎಂಬ ಹೊಸ ಆಜ್ಞೆಗೆ ತಿದ್ದಿದ್ದರು. ಆದರೆ ಅದನ್ನು ಬಟನ್ನುಗಳ ಮೇಲೇ ನೇರ ಕಟ್ಟಿದ್ದರು. ಕಟ್ಟುವ ಹೊತ್ತಿಗೆ ಹುಟ್ಟೇ ಇರದ ಬಟನ್ನಿಗೆ ಅದು ಹೇಗೆ ತಾಗೀತು? ನಡುಮಟ್ಟದವರೆಲ್ಲ ಬೀಳುವ ಹಳ್ಳ ಇದೇ.

“ಭಾವ, ನಮ್ಮ ಚಿಕ್ಕಿ ಮಗಳ ಮದುವೇಲಿ ಪಂಕ್ತಿ ನೋಡ್ಕೊಂಡಿದ್ದು ಯಾರು?”

“ನಾನೇ.”

“ಒಂದೊಂದು ಎಲೆ ಮುಂದೆ ಒಬ್ಬೊಬ್ಬನ್ನ ನಿಲ್ಸಿದ್ರಾ, ಸಾರು ಕೇಳ್ತಾರಾ ನೋಡು ಅಂತ?”

“ಹುಚ್ಚಾ ನಿಂಗೆ? ಸಾಲಿನ ತುದೀಲಿ ನಾನು ನಿಂತಿದ್ದೆ. ಯಾರು ಕೈ ಎತ್ತಿದ್ರೂ ನಂಗೆ ಕಾಣ್ಸತ್ತೆ.”

“ತಡವಾಗಿ ಬಂದು ಕೊನೇಲಿ ಎಲೆ ಹಾಕಿಸ್ಕೊಂಡೋರು?”

“ಅವ್ರೂ ಅದೇ ಸಾಲಲ್ವೇನಯ್ಯ, ಅವ್ರೂ...” ಎಂದು ಭಾವ ನಿಂತರು. ಕಣ್ಣು ದೊಡ್ಡದಾಯಿತು. ಆನ್ ಅನ್ನು ಪಟ್ಟಿಗೆ ಕಟ್ಟಬೇಕು, ‘ಕ್ಲಿಕ್’ ಎಂದ ಮೇಲೆ ಯಾವ ಜಾತಿಯ ಬಟನ್ ಎಂದು ಹೆಸರು ಹೇಳಬೇಕು. ಒಂದು ಅಲ್ಪವಿರಾಮ, ಒಂದು ಹೆಸರು, ಅಷ್ಟೇ. ಒತ್ತಿದ ಸದ್ದು ಬಟನ್ನಿನಿಂದ ಮೇಲಕ್ಕೆ ಗುಳ್ಳೆಯ ಹಾಗೆ ಏರಿ ಪಟ್ಟಿಗೆ ಮುಟ್ಟುತ್ತದೆ. ತುದಿಯಲ್ಲಿ ನಿಂತವನು ನೋಡಿಕೊಳ್ಳುತ್ತಾನೆ. ಇದನ್ನೇ ಆ ಪುಸ್ತಕ ಡೆಲಿಗೇಶನ್ ಎಂದು ಇಪ್ಪತ್ತಾರನೇ ಪುಟದಿಂದ ಒಂದೂವರೆ ಪುಟ ಬರೆದಿತ್ತು. ಭಾವ ಅವತ್ತು ಅದಕ್ಕೆ ಹಳದಿ ಬಳಿದರು. ಹದಿಮೂರರಿಂದ ಇಪ್ಪತ್ತೈದು ಹಾಗೇ ಬಿಳಿಯಾಗಿ ಉಳಿಯಿತು.

ಇಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ಪುಟದ ಮೇಲ್ಗಡೆ ಒಂದು ಸೂಚನಾ ಫಲಕ ಮಾಡಿದರು; ಮೌಸ್ ಅದರ ಮೇಲೆ ಬಂದರೆ ಜಾರಿ ತೆರೆಯಬೇಕು, ಹೋದರೆ ಮುಚ್ಚಬೇಕು. ಸೆಕ್ರೆಟರಿಯವರಿಗೆ ಮೌಸ್ ಹಿಡಿದರೆ ಕೈ ನಡುಗುವ ಅಭ್ಯಾಸ. ಹದಿನೈದು ಇಪ್ಪತ್ತು ಸಲ ಆಚೀಚೆ ಆಡಿಸಿ, ಕೈಬಿಟ್ಟು, ಒಳಗೆ ಕಾಫಿಗೆ ಹೋದರು. ಜೆಕ್ವೆರಿ ಬಹಳ ನಿಯತ್ತಿನದು. ಹೇಳಿದ ಪ್ರತಿಯೊಂದು ಚಲನೆಯನ್ನೂ ಸರದಿಯಲ್ಲಿ ಬರೆದಿಟ್ಟುಕೊಂಡು ಒಂದೂ ಬಿಡದೆ ಮಾಡುತ್ತದೆ. ಅವರು ಲೋಟ ಹಿಡಿದು ವಾಪಸ್ ಬಂದಾಗ ಖಾಲಿ ಕುರ್ಚಿಯ ಮುಂದೆ ಫಲಕ ತಾನೇ ತೆರೆಯುತ್ತಿತ್ತು, ಮುಚ್ಚುತ್ತಿತ್ತು, ಮತ್ತೆ ತೆರೆಯುತ್ತಿತ್ತು, ಒಳಗೆ ‘ನೀರನ್ನು ಮಿತವಾಗಿ ಬಳಸಿ’ ಎಂಬ ಸೂಚನೆ. ಅವರ ಮನೆಯವರು ಒಂದು ನಿಂಬೆಹಣ್ಣು ತಂದು ಮಾನಿಟರಿನ ಮೇಲಿಟ್ಟರು. ಹೊಸ ಚಲನೆಗೆ ಮುಂಚೆ ‘ಸ್ಟಾಪ್’ ಎಂದು ಹೇಳಿ ಹಳೆಯ ಸರದಿಯನ್ನು ಖಾಲಿ ಮಾಡಿಸಿದರೆ ತೀರಿತು. ಅದು ಮೂವತ್ತೊಂದನೇ ಪುಟ. ಭಾವ ಸರಿಪಡಿಸಿಕೊಟ್ಟರು. ನಿಂಬೆಹಣ್ಣು ಕೆಲಸ ಮಾಡಿತು ಎಂದೇ ಸೆಕ್ರೆಟರಿಯವರ ಮನೆಯವರು ಇವತ್ತಿಗೂ ನಂಬಿದ್ದಾರೆ.

ವರ್ಷಗಳು ಹೋದವು. ಆಗ ನಾಲ್ಕನೇ ಕ್ಲಾಸಿನಲ್ಲಿದ್ದ ಅಕ್ಕನ ಮಗ ಎಂಜಿನಿಯರಿಂಗ್ ಮುಗಿಸಿ, ಈಗಿನ ಕಾಲದ ರಿಯಾಕ್ಟ್ ಕಲಿತು, ಇತ್ತೀಚೆಗೆ ಕೆಲಸಕ್ಕೆ ಸೇರಿದ. “ಜೆಕ್ವೆರಿನಾ? ಅದಿನ್ನೂ ಇದ್ಯಾ?” ಅನ್ನುತ್ತಿದ್ದವನು. ಕಂಪನಿಯವರು ಅವನ ಕೈಗೆ ಕೊಟ್ಟದ್ದು ಯಾವುದೋ ಕಾಲದ ಗ್ರಾಹಕರ ಹಳೇ ಸೈಟು. ಕಳೆದ ಭಾನುವಾರ ನಾನು ಅಲ್ಲೇ ಇದ್ದೆ. ಲ್ಯಾಪ್‌ಟಾಪಿನಿಂದ ತಲೆ ಎತ್ತಿ, ಯಾರನ್ನೂ ನೋಡದೆ ಕೇಳಿದ: “ಅಪ್ಪ, ಲೈವ್ ಅಂದ್ರೆ ಏನು?”

ಭಾವ ಮಾತಾಡಲಿಲ್ಲ. ಎದ್ದು ಸ್ಟೂಲ್ ಹಾಕಿಕೊಂಡು ಅಟ್ಟದ ಮೇಲಿಂದ ಸ್ಪೈರಲ್ ಪುಸ್ತಕ ಇಳಿಸಿದರು. ಕುಂಕುಮ ಕಂದಾಗಿತ್ತು. ಲೈವ್ ಯಾವಾಗ ಹುಷಾರು ತಪ್ಪಿತು, ಯಾವಾಗ ತೀರಿಕೊಂಡಿತು, ಈಗ ಪಂಕ್ತಿಯ ತುದಿಯಲ್ಲಿ ಯಾರನ್ನು ನಿಲ್ಲಿಸಬೇಕು, ಎಲ್ಲವನ್ನೂ ಹೇಳಿದರು. ಹುಡುಗ ಬರೆದ, ಒತ್ತಿದ, ಆಯಿತು. ಅಪ್ಪನನ್ನು ಮೊದಲ ಸಲ ನೋಡುವವನ ಹಾಗೆ ನೋಡಿದ.

“ಸರಿ, ಮತ್ತೆ ಇದು ಡಿಫರ್ಡ್ ಅಂತ ಇದ್ಯಲ್ಲ? ಪೆಂಡಿಂಗ್, ರಿಸಾಲ್ವ್ಡ್, ರಿಜೆಕ್ಟೆಡ್...?”

ಭಾವ ಪುಟ ತಿರುವಿದರು. ಐವತ್ತೆಂಟರಲ್ಲಿ ಇತ್ತು, ಅಚ್ಚಬಿಳಿ. ಡ್ರಾಯರಿನಿಂದ ಹೈಲೈಟರ್ ತೆಗೆದು ಮುಚ್ಚಳ ಬಿಚ್ಚಿ ಒಂದು ಗೆರೆ ಎಳೆದರು. ಒಣಗಿತ್ತು. ಪುಸ್ತಕ ಮುಚ್ಚಿ ಕಂಕುಳಿಗೆ ಸಿಕ್ಕಿಸಿಕೊಂಡರು.

“ಸಂಜೆ ಹೇಳ್ತೀನಿ” ಅಂದರು.