ಕದ್ದದ್ದು ದಕ್ಕಬೇಕಲ್ಲ!

“ಏನಪ್ಪಾ, ರಾತ್ರಿ ಹೊತ್ತು ದರೋಡೆ ಮಾಡ್ತೀಯಂತೆ? ನಿನ್ನ ಹೆಂಡ್ತಿ ನಮ್ಮನೆಯವಳ ಹತ್ರ ಹೇಳ್ತಿದ್ಲು” ಎನ್ನುತ್ತಾ ಪಕ್ಕದ ಮನೆ ರಾಯರು ಕಾಂಪೌಂಡಿನ ಮೇಲೆ ಮೊಣಕೈ ಊರಿದರು. ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿ ನಿವೃತ್ತರಾದವರು. ದರೋಡೆ ಅಂದರೆ ಸುಮ್ಮನೆ ಬಿಡುವ ಜಾತಿಯಲ್ಲ.

“ವಿಡಿಯೋ ಗೇಮಿನಲ್ಲಿ ರಾಯರೇ! ಜಿಟಿಎ 5 ಅಂತ. 2013ರಲ್ಲಿ ಬಂದದ್ದು, 20 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆ. ಅಮೆರಿಕದ ಲಾಸ್ ಏಂಜಲೀಸ್ ನೋಡಿಕೊಂಡು ಕಟ್ಟಿದ ಲಾಸ್ ಸ್ಯಾಂಟೋಸ್ ಅನ್ನೋ ಊರು. ಅಲ್ಲಿ ಯಾವ ಬೀದಿಗೆ ಬೇಕಾದ್ರೂ ನುಗ್ಗಬಹುದು.”

“ಪಿಸ್ತೂಲು ತೋರಿಸೋದು, ದುಡ್ಡು ಬಾಚೋದು. ಅಷ್ಟೇ ತಾನೆ?”

“ಅಂಗಡಿಯಾದ್ರೆ ಅಷ್ಟೇ. ಗುರಿ ಹಿಡಿದು ನಿಂತ್ರೆ ಗಲ್ಲಾದವನು ನೋಟು ತೆಗೆದು ಚೀಲಕ್ಕೆ ತುಂಬ್ತಾನೆ. ಮೈಕಿನಲ್ಲಿ ಜೋರಾಗಿ ಗದರಿದ್ರೆ ಅವನ ಕೈ ಇನ್ನೂ ಚುರುಕಾಗತ್ತೆ.”

“ಓಹೋ, ಹೆಂಡ್ತಿಗೆ ಗೊತ್ತಾಗಿದ್ದು ಹಾಗೆ!”

ನಾನು ಮಾತು ತಿರುಗಿಸಿದೆ. “ಅಲ್ಲಿ ಸಿಗೋದು ಚಿಲ್ಲರೆ ಕಾಸು. ಹೊರಗೆ ಬರೋದ್ರೊಳಗೆ ಪರದೆಯ ಮೂಲೆಯಲ್ಲಿ ನಕ್ಷತ್ರ ಬಿದ್ದಿರತ್ತೆ. ಒಂದು ನಕ್ಷತ್ರ ಅಂದ್ರೆ ಸಣ್ಣ ಗಲಾಟೆ. ಐದಾದ್ರೆ ಊರಿನ ಪೊಲೀಸರೆಲ್ಲ ನಿಮ್ಮ ಬೆನ್ನಿಗೆ. ಯಾವ ಪೊಲೀಸಿನವನ ಕಣ್ಣು ಎಲ್ಲಿವರೆಗೆ ಹಾಯತ್ತೆ ಅಂತ ನಕ್ಷೆಯಲ್ಲಿ ಕಾಣತ್ತೆ. ಆ ನೋಟ ತಪ್ಪಿಸಿ ಯಾವುದೋ ಸಂದಿಯಲ್ಲಿ ಉಸಿರು ಬಿಗಿಹಿಡಿದು ಕೂತ್ರೆ ನಕ್ಷತ್ರ ಮಿನುಗಿ ಮಿನುಗಿ ಆರಿಹೋಗತ್ತೆ. ಇದರ ಅಣ್ಣ, 2004ರ ಸ್ಯಾನ್ ಆಂಡ್ರಿಯಾಸ್‌ನಲ್ಲಿ ಮನೆಗಳ್ಳತನವೇ ಇತ್ತು. ರಾತ್ರಿ ವ್ಯಾನ್ ತಗೊಂಡು ಹೋಗಬೇಕು. ಸದ್ದು ಎಷ್ಟಾಯ್ತು ಅಂತ ತೋರಿಸೋ ಮೀಟರ್ ಬೇರೆ. ಓಡಿದ್ರೆ ಮನೆಯವರು ಎದ್ದುಬಿಡ್ತಾರೆ. ಬೆಕ್ಕಿನ ಹೆಜ್ಜೆ ಹಾಕ್ಕೊಂಡು ಟಿವಿ ಹೊತ್ತು ತಂದು ವ್ಯಾನಿಗೆ ಹಾಕಿ ಮತ್ತೆ ಒಳಗೆ ಹೋಗಬೇಕು. ಬೆಳಗಾಗೋದ್ರೊಳಗೆ ಮಾಲು ಮುಟ್ಟಿಸಬೇಕು.”

“ಅಬ್ಬಾ, ಅದು ಕೂಲಿ ಕೆಲಸವಪ್ಪ! ದೊಡ್ಡ ಕಳ್ಳತನ ಹೇಗೆ ಮಾಡ್ತಾರೆ, ಅದು ಹೇಳು.”

“ಮೊದಲನೆಯದು ಒಡವೆ ಅಂಗಡಿ. ಲೆಸ್ಟರ್ ಅನ್ನೋ ಕುಳಿತಲ್ಲೇ ತಲೆ ಓಡಿಸೋ ಆಸಾಮಿ ಬೋರ್ಡಿನ ಮೇಲೆ ಎರಡು ದಾರಿ ತೋರಿಸ್ತಾನೆ. ಬಂದೂಕು ಹಿಡಿದು ನೇರ ನುಗ್ಗಿ, ಇಲ್ಲಾಂದ್ರೆ ಗಾಳಿ ಕೊಳವೆಯೊಳಗೆ ಅನಿಲ ಬಿಟ್ಟು ಒಳಗಿದ್ದವರನ್ನ ಮಲಗಿಸಿ. ಆಮೇಲೆ ಆಳುಗಳನ್ನ ಆರಿಸಬೇಕು. ಗಾಡಿ ಓಡಿಸೋನು, ಗುಂಡು ಹಾರಿಸೋನು, ಕಂಪ್ಯೂಟರಿಗೆ ಕನ್ನ ಹಾಕೋನು. ಒಬ್ಬೊಬ್ಬರ ಮುಂದೆ ಅವರವರ ಪರ್ಸೆಂಟೇಜ್ ಬರೆದಿರತ್ತೆ. ಕಂಪ್ಯೂಟರ್ ಕೆಲಸಕ್ಕೆ ರಿಕ್ಕಿ ಅನ್ನೋ ಹುಡುಗ 4 ಪರ್ಸೆಂಟ್ ಕೇಳ್ತಾನೆ. ಪೇಜ್ ಅನ್ನೋಳು 15.”

“ಯೋಚನೆ ಏನಿದೆ? ನಾಲ್ಕರವನು!”

“ನೋಡಿ, ಅಲ್ಲೇ ಸಿಕ್ಕಿಬೀಳೋದು. ಅಂಗಡಿಯ ಅಲಾರಂ ತಡೆದು ಹಿಡಿಯೋದು ಈ ಕಂಪ್ಯೂಟರ್ ಕೆಲಸದವರೇ. ಕೈ ಪಳಗಿರೋಳು ಪೇಜ್ ಆದ್ರೆ ಗಾಜಿನ ಪೆಟ್ಟಿಗೆ ಒಂದೂ ಬಿಡದೆ ಒಡೆಯೋಕೆ ಪುರುಸೊತ್ತು ಇರತ್ತೆ. ರಿಕ್ಕಿಯಾದ್ರೆ ಓಡಿ ಓಡಿ ಬಾಚಬೇಕು, ಹಾರಗಳು ಕಣ್ಣೆದುರೇ ಉಳ್ಕೊಂಡ್ರೂ ಆಶ್ಚರ್ಯ ಇಲ್ಲ. ಬಂದೂಕಿನವನಲ್ಲೂ ಅಗ್ಗದವನನ್ನ ತಗೊಂಡ್ರೆ ತಪ್ಪಿಸಿಕೊಳ್ಳೋ ದಾರಿಯಲ್ಲಿ ಬೈಕಿನಿಂದ ಬೀಳ್ತಾನೆ, ಅವನ ಚೀಲವೂ ಅವನ ಜೊತೆಗೇ ಬೀಳತ್ತೆ. ಉಳಿದವರೋ, ಒಂದೊಂದು ಕೆಲಸ ಮುಗಿಸಿದ ಹಾಗೆಲ್ಲ ಪಳಗ್ತಾ ಹೋಗ್ತಾರೆ.”

ರಾಯರು ತಲೆದೂಗಿದರು. “ಸರಿ, ಬಂದದ್ದರಲ್ಲಿ ಮಜಾ ಮಾಡಿದ್ರಾ?”

“ಎಲ್ಲಿ ಮಜಾ! ಅದಕ್ಕೂ ಮೊದಲು ಮೈಕಲ್ ಅನ್ನೋ ನಮ್ಮ ನಾಯಕ ಸಿಟ್ಟಿನಲ್ಲಿ ಒಬ್ಬರ ಮನೆಗೆ ಹಗ್ಗ ಕಟ್ಟಿ ಟ್ರಕ್ಕಿನಲ್ಲಿ ಎಳೆದು ಕೆಡವಿರ್ತಾನೆ. ಅದು ನೋಡಿದ್ರೆ ಮ್ಯಾಡ್ರಾಜೋ ಅನ್ನೋ ಭೂಗತ ದೊರೆಗೆ ಸೇರಿದ ಮನೆ. ಅವನು 25 ಲಕ್ಷ ಡಾಲರ್ ದಂಡ ಹಾಕ್ತಾನೆ. ಒಡವೆ ಅಂಗಡಿಗೆ ಕೈ ಹಾಕಿದ್ದೇ ಆ ದಂಡ ಕಟ್ಟೋಕೆ.”

“ಅಯ್ಯೋ ಶಿವನೇ!”

“ಇನ್ನೊಂದು ಕೇಳಿ. ಟ್ರೆವರ್ ಅನ್ನೋ ಹುಚ್ಚುಮುಂಡೇದು ಬಂದರಿನಲ್ಲಿ ಖಾಸಗಿ ಸೈನ್ಯದ ಸರಕಿಗೆ ಕಣ್ಣು ಹಾಕ್ತಾನೆ. ಸಣ್ಣ ಜಲಾಂತರ್ಗಾಮಿಯಲ್ಲಿ ಮುಳುಗಿ ಆ ಸರಕನ್ನ ಮೇಲೆತ್ತಿ ತಂದು ನೋಡಿದ್ರೆ ಭಯಂಕರ ಅಸ್ತ್ರ. ಲೆಸ್ಟರ್ ‘ಇಟ್ಕೊಂಡ್ರೆ ಯಾರೂ ಉಳಿಯಲ್ಲ, ವಾಪಸ್ ಹಾಕಿಬನ್ನಿ’ ಅಂತಾನೆ. ಅಷ್ಟೆಲ್ಲ ಹೊಡೆದಾಡಿ ಬಂದ ಆದಾಯ ಸೊನ್ನೆ. ಈ ಆಟ ಬರೆದವರಿಗೆ ತುಂಬಾ ಜೋರು ನಗು ಬಂದಿರಬೇಕು.”

“ಅಂದ್ರೆ ಇದು ಕದಿಯೋ ಆಟ ಅಲ್ಲ. ಕದ್ದದ್ದು ದಕ್ಕಿಸಿಕೊಳ್ಳೋ ಆಟ” ಎಂದರು ರಾಯರು. ಇಷ್ಟು ರಾತ್ರಿ ಆಡಿದ ನನಗೆ ಹೊಳೆಯದ ಮಾತು.

“ಅದೇ ನೋಡಿ! 2015ರಲ್ಲಿ ಇಂಟರ್ನೆಟ್ಟಿನಲ್ಲಿ ನಾಲ್ಕು ಜನ ಸೇರಿ ಮಾಡೋ ದರೋಡೆ ಬಂತು. ಮುಖಂಡನಾದವನು ಮೊದಲು ಕೈಯಿಂದ ಖರ್ಚು ಹಾಕಬೇಕು, ಕೊನೆಗೆ ಪಾಲು ಹಂಚಬೇಕು. ಅದರಲ್ಲಿ ಒಂದು ಬ್ಯಾಂಕ್ ದರೋಡೆಯಲ್ಲಂತೂ ಗುಂಡು ತಗುಲಿದ ಹಾಗೆಲ್ಲ ಹೊತ್ತ ಚೀಲದಿಂದ ದುಡ್ಡು ಉದುರತ್ತೆ. 2019ರಲ್ಲಿ ಕ್ಯಾಸಿನೋ ದರೋಡೆ ಬಂತು. ಅಲ್ಲಿಯ ಖಜಾನೆಗೆ ಇಬ್ಬರು ಒಂದೇ ಕ್ಷಣಕ್ಕೆ ಕಾರ್ಡು ಉಜ್ಜಬೇಕು. ಒಬ್ಬನು ತಡ ಮಾಡಿದ್ರೂ ಬಾಗಿಲು ತೆರೆಯಲ್ಲ.”

ರಾಯರ ಮುಖ ಅರಳಿತು. “ಜಾಯಿಂಟ್ ಕಸ್ಟಡಿ ಕಣಯ್ಯಾ! ನಮ್ಮ ಸ್ಟ್ರಾಂಗ್ ರೂಮಿಗೂ ಎರಡು ಕೀಲಿ. ಒಂದು ಮ್ಯಾನೇಜರ್ ಹತ್ರ, ಒಂದು ನನ್ನ ಹತ್ರ. ಒಬ್ಬನೇ ತೆಗೆಯೋ ಹಾಗೇ ಇಲ್ಲ.”

“ಪಾಲು ಕೊಡೋದೇ ಬೇಡ ಅನ್ನೋರಿಗೆ 2020ರಲ್ಲಿ ಕಾಯೋ ಪೆರಿಕೋ ಅನ್ನೋ ದ್ವೀಪ ಮಾಡಿಕೊಟ್ರು. ಒಬ್ಬನೇ ಹೋಗಿ ದೋಚಬಹುದು. ಆದ್ರೆ ಚೀಲ ಒಂದೇ, ತುಂಬಿದ್ದಷ್ಟೇ ನಿಮ್ಮದು. ಅಲ್ಲಿರೋ ಚಿನ್ನ ಬೇಕಾದ್ರೆ ಮತ್ತೆ ಇಬ್ಬರು ಬೇಕು.”

“ಹಾಗಾದ್ರೆ ಎರಡನೇ ಕೀಲಿ ನನ್ನದು” ಎಂದು ರಾಯರು ಮೊಣಕೈ ಎತ್ತಿ ಧೂಳು ಕೊಡವಿಕೊಂಡರು. “ಪರ್ಸೆಂಟೇಜ್ ಮೊದಲೇ ಮಾತಾಡಿಬಿಡೋಣ. ನಾಲ್ಕು ಅಂತ ಮಾತ್ರ ಅನ್ನಬೇಡ.”